ಹಸಿರು ಕಫ, ಕೆಂಪು ಗೆರೆ

ಕಳೆದ ಸಂಚಿಕೆಯಲ್ಲಿ ಕೆಮ್ಮಿನ ಬಗ್ಗೆ ನಾಲ್ಕು ಸಾಲು ಬರೆದು, ಕೊನೆಗೆ ‘ಕಫ ಬರುತ್ತಿದ್ದರೆ ಹೇಗಿದೆ ಎಂದು ಬರೆದು ತಿಳಿಸಿ’ ಎಂದು ಸೇರಿಸಿದ್ದೆ. ಆ ಒಂದು ವಾಕ್ಯದ ಫಲವನ್ನು ಈಗ ಉಣ್ಣುತ್ತಿದ್ದೇನೆ. ಬರೆಯಿರಿ ಎಂದರೆ ಫೋಟೋ ತೆಗೆದು ಕಳಿಸಿದ್ದಾರೆ. ಒಂದು ವಾಶ್‌ಬೇಸಿನ್ನಿನಲ್ಲಿ ತೆಗೆದದ್ದು, ಒಂದು ಕರವಸ್ತ್ರದ ಮೇಲೆ, ಇನ್ನೊಂದು ಬಾಳೆಲೆಯ ತುಂಡಿನ ಮೇಲೆ. ಬಾಳೆಲೆಯ ಮೇಲಿಟ್ಟರೆ ಯಾರ ಕಫವಾದರೂ ಹಸಿರಾಗಿಯೇ ಕಾಣುತ್ತದೆ ಸ್ವಾಮಿ. ನೋಡಲೇಬೇಕೆಂದಿದ್ದರೆ ಬಿಳಿಯ ಕಾಗದದ ಮೇಲೆ, ಹಗಲು ಬೆಳಕಿನಲ್ಲಿ ನೋಡಿ, ಮಡಚಿ ಸುಟ್ಟುಬಿಡಿ. ದಾವಣಗೆರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಎದೆರೋಗದ ವೈದ್ಯೆಯಾಗಿರುವವಳಿಗೆ ಅಸಹ್ಯವೆಂಬುದು ಉಳಿದಿಲ್ಲ, ನಿಜ. ಆದರೆ ಈ ಫೋಟೋಗಳು ಸರಿಯಾಗಿ ಊಟದ ಹೊತ್ತಿಗೇ ಬರುವುದು ಯಾಕೋ ತಿಳಿಯದು.

ಪ್ರಶ್ನೆ: ನಮ್ಮ ಯಜಮಾನರಿಗೆ ನೆಗಡಿ ಬಂದು ಆರು ದಿನವಾಯಿತು. ಮೊದಲು ನೀರಿನಂತಿದ್ದ ಕಫ ಈಗ ಹಳದಿ ಮಿಶ್ರಿತ ಹಸಿರಾಗಿದೆ. ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಔಷಧಿ ಅಂಗಡಿಯವರು ‘ಹಸಿರಾಗಿದ್ದರೆ ಇನ್‌ಫೆಕ್ಷನ್, ಐದು ದಿನ ಆ್ಯಂಟಿಬಯಾಟಿಕ್ ಕೊಡಿ’ ಎಂದರು. ಹೋದ ಮಳೆಗಾಲದಲ್ಲಿ ಇದೇ ಗುಳಿಗೆಯಿಂದ ಎರಡೇ ದಿನಕ್ಕೆ ಗುಣವಾಗಿತ್ತು. ಮನೆಯಲ್ಲಿ ಬೀಡಿ ಸೇದುವ ಮಾವನವರಿಗೂ ಕೆಮ್ಮು ಇದೆ. ಉಳಿದ ಗುಳಿಗೆಯನ್ನು ಅವರಿಗೆ ಕೊಡಬಹುದೇ?
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಯಜಮಾನರಿಗೆ ಬೇಡ. ಮಾವನವರ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಫಕ್ಕೆ ಹಸಿರು ಬಣ್ಣ ಬರುವುದು ರೋಗಾಣುವಿನಿಂದಲ್ಲ, ನಮ್ಮದೇ ರಕ್ತದ ಬಿಳಿಯ ಕಣಗಳಿಂದ. ನೆಗಡಿಯ ವೈರಸ್ ಮೂಗು, ಗಂಟಲು, ಶ್ವಾಸನಾಳಗಳ ಒಳಪೊರೆಯನ್ನು ಕೆರಳಿಸಿದಾಗ ಮೊದಲ ಒಂದೆರಡು ದಿನ ನೀರು ಸುರಿಯುತ್ತದೆ. ಆಮೇಲೆ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳು ಅಲ್ಲಿಗೆ ಬಂದು ತುಂಬಿಕೊಳ್ಳುತ್ತವೆ. ಅವುಗಳ ಹೊಟ್ಟೆಯಲ್ಲಿ ಮೈಲೋಪೆರಾಕ್ಸಿಡೇಸ್ ಎಂಬ, ಕಬ್ಬಿಣದ ಅಂಶವಿರುವ ಕಿಣ್ವವಿದೆ. ಆ ಕಿಣ್ವದ ಬಣ್ಣವೇ ಹಸಿರು. ಕಣ ಸತ್ತು ಒಡೆದಾಗ ಅದು ಕಫಕ್ಕೆ ಇಳಿಯುತ್ತದೆ. ಸ್ವಲ್ಪ ಇಳಿದರೆ ಹಳದಿ, ಹೆಚ್ಚು ಇಳಿದರೆ ಹಸಿರು. ಬ್ಯಾಕ್ಟೀರಿಯಾ ಬಂದರೂ ಈ ಕಣಗಳು ಬರುತ್ತವೆ, ವೈರಸ್ ಬಂದರೂ ಬರುತ್ತವೆ, ಹೊಗೆ ಕುಡಿದರೂ ಬರುತ್ತವೆ. ಯಾರು ಕರೆದರು ಎಂಬುದನ್ನು ಬಣ್ಣ ಹೇಳುವುದಿಲ್ಲ.

ನಾಳೆ ಒಂದು ಸಣ್ಣ ಕೆಲಸ ಮಾಡಿ. ಯಜಮಾನರು ಎದ್ದ ಕೂಡಲೇ ಕೆಮ್ಮಿ ತೆಗೆಯುವ ಕಫವನ್ನೂ ಹತ್ತು ಗಂಟೆಯ ಹೊತ್ತಿಗೆ ಬರುವ ಕಫವನ್ನೂ ಗಮನಿಸಿ. ಬೆಳಗಿನದು ಗಾಢವಾಗಿರುತ್ತದೆ, ಹತ್ತು ಗಂಟೆಯದು ತಿಳಿಯಾಗಿರುತ್ತದೆ. ರಾತ್ರಿಯಿಡೀ ಒಳಗೇ ನಿಂತದ್ದಕ್ಕೆ ಬಣ್ಣ ಏರುತ್ತದೆ, ಅಷ್ಟೇ. ಬೆಳಿಗ್ಗೆ ಆರಕ್ಕೆ ಇದ್ದ ‘ಇನ್‌ಫೆಕ್ಷನ್’ ಹತ್ತಕ್ಕೆ ಎಲ್ಲಿ ಹೋಯಿತು ಎಂದು ಅಂಗಡಿಯವರನ್ನು ಕೇಳಬಹುದು.

ಹೋದ ಮಳೆಗಾಲದಲ್ಲಿ ಎರಡೇ ದಿನಕ್ಕೆ ಗುಣವಾಯಿತು ಎಂದಿರಿ. ಗುಳಿಗೆಯನ್ನು ಎಷ್ಟನೆಯ ದಿನ ಶುರುಮಾಡಿದ್ದಿರಿ? ಇದೇ ರೀತಿ ಆರನೆಯ ದಿನವೇ ಇರಬೇಕು. ನೆಗಡಿ ತಾನಾಗಿ ಇಳಿಯುವುದೂ ಅದೇ ಹೊತ್ತಿಗೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯುರೋಪಿನ 13 ದೇಶಗಳ ಕೆಮ್ಮಿನ ರೋಗಿಗಳನ್ನು ಗಮನಿಸಿದರು. ಅಲ್ಲಿಯ ವೈದ್ಯರೂ ಹಳದಿ, ಹಸಿರು ಕಫ ಎಂದೊಡನೆ ಆ್ಯಂಟಿಬಯಾಟಿಕ್ ಬರೆಯುತ್ತಿದ್ದರು. ತೆಗೆದುಕೊಂಡವರು ತೆಗೆದುಕೊಳ್ಳದವರಿಗಿಂತ ಬೇಗ ಗುಣವಾಗಲಿಲ್ಲ. ಆದ್ದರಿಂದ ಇದು ನಮ್ಮ ಅಂಗಡಿಯವರೊಬ್ಬರ ತಪ್ಪೆಂದು ನಾನು ಹೇಳುವುದಿಲ್ಲ. ಹಸಿರು ಎಂದರೆ ಕೈ ತಾನಾಗಿ ಆ ಕಪಾಟಿನ ಕಡೆಗೆ ಹೋಗುತ್ತದೆ. ನನ್ನ ಕೈಯೂ ಹೋಗುತ್ತಿತ್ತು.

ಮನೆಯಲ್ಲಿರುವ ಆ ಸ್ಟ್ರಿಪ್ ತಿರುಗಿಸಿ ನೋಡಿ. ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಅದು ಅಲಂಕಾರಕ್ಕಲ್ಲ, ವೈದ್ಯರ ಚೀಟಿಯಿಲ್ಲದೆ ಕೊಡಬಾರದು, ಕೊಳ್ಳಬಾರದು ಎಂಬುದರ ಗುರುತು.

ಕೆಮ್ಮು ಇನ್ನೂ ಒಂದು ವಾರ ಎಳೆದರೂ ಗಾಬರಿಯಾಗಬೇಡಿ; ನೆಗಡಿ ಹೋದ ಮೇಲೂ ಕೆಮ್ಮು ಉಳಿಯುವುದು ಸಾಮಾನ್ಯ. ‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ಸುಮ್ಮನಲ್ಲ. ಆದರೆ ಬಿಟ್ಟ ಜ್ವರ ಮತ್ತೆ ಏರಿದರೆ, ಉಸಿರೆಳೆದಾಗ ಪಕ್ಕೆ ಚುಚ್ಚಿದರೆ, ಮೆಟ್ಟಿಲು ಹತ್ತುವಾಗ ಹಿಂದಿಲ್ಲದ ಏದುಸಿರು ಬಂದರೆ, ಕಫ ತುಕ್ಕಿನ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ. ತುಕ್ಕಿನ ಬಣ್ಣ ನ್ಯುಮೋನಿಯಾದ ಹಳೆಯ ಗುರುತು. ಅದರಲ್ಲಿರುವುದು ರಕ್ತವೇ.

ಇನ್ನು ಮಾವನವರು. ವರ್ಷಗಟ್ಟಲೆ ಬೀಡಿ ಸೇದಿದ ಹಲವರಿಗೆ ದಿನವೂ ಒಂದಿಷ್ಟು ಬಿಳಿಯ ಕಫ ಇರುತ್ತದೆ. ಅದರ ಜೊತೆಗೆ ಶ್ವಾಸನಾಳ ಕಿರಿದಾಗಿ ಉಸಿರು ಹಿಡಿಯತೊಡಗಿದರೆ ನಾವು ಸಿಒಪಿಡಿ ಎನ್ನುತ್ತೇವೆ, ನೀವು ದಮ್ಮು ಎನ್ನುತ್ತೀರಿ. ಅಂಥವರಲ್ಲಿ ಬಣ್ಣಕ್ಕೆ ನಿಜವಾಗಿಯೂ ಬೆಲೆ ಇದೆ. ದಿನವೂ ಬಿಳಿಯಾಗಿದ್ದದ್ದು ಹಸಿರಾಗಿ, ಪ್ರಮಾಣವೂ ಹೆಚ್ಚಿ, ದಮ್ಮೂ ಏರಿದರೆ ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತದೆ. ಕೆನಡಾದ ವೈದ್ಯರು 1987ರಲ್ಲಿಯೇ ಇದನ್ನು ತೋರಿಸಿದ್ದಾರೆ. ಒಂದೇ ಮನೆಯಲ್ಲಿ, ಒಂದೇ ಬಣ್ಣದ ಕಫ ಇರುವ ಇಬ್ಬರಲ್ಲಿ ಒಬ್ಬರಿಗೆ ಗುಳಿಗೆ ಬೇಡ, ಇನ್ನೊಬ್ಬರಿಗೆ ಬೇಕಾಗಬಹುದು. ಆದರೆ ಉಳಿದ ಎರಡು ಗುಳಿಗೆ ನುಂಗಿಸುವುದಲ್ಲ. ಅವರನ್ನು ಕರೆದುಕೊಂಡು ಹೋಗಿ ತೋರಿಸಿ.

ಪ್ರಶ್ನೆ: ನನಗೆ 61. ಅಡಿಕೆ ತೋಟವಿದೆ. ಒಂದು ವಾರದಿಂದ ಕೆಮ್ಮಿ ಉಗುಳಿದರೆ ಕೆಂಪು. ಮಗ ಬೆಂಗಳೂರಿಗೆ ಬಾ ಎನ್ನುತ್ತಿದ್ದಾನೆ.
– ಕೃಷಿಕರು, ಚನ್ನಗಿರಿ ತಾಲ್ಲೂಕು

ಉತ್ತರ: ಯಜಮಾನರೇ, ಎಲೆ-ಅಡಿಕೆ ಹಾಕುತ್ತೀರೋ ಇಲ್ಲವೋ ಎಂದು ನೀವು ಬರೆದಿಲ್ಲ. ಚನ್ನಗಿರಿಯವರಾದ್ದರಿಂದ ಹಾಕುತ್ತೀರಿ ಎಂದೇ ಹಿಡಿಯುತ್ತೇನೆ.

ನಿಮ್ಮ ಕಡೆಯವರೇ ಒಬ್ಬರು ಹಿಂದೆ ನನ್ನಲ್ಲಿಗೆ ಬಂದಿದ್ದರು. ಗಡಗಡ ನಡುಗುತ್ತ ಕರವಸ್ತ್ರ ಬಿಚ್ಚಿ ತೋರಿಸಿದರು, ಕೆಂಪಗಿತ್ತು. ಬಾಯಿ ತೆರೆಯಿರಿ ಎಂದೆ. ದವಡೆಯ ಸಂದಿಯಲ್ಲಿ ಅರ್ಧ ಅಗಿದ ಹೋಳು ಇನ್ನೂ ಕೂತಿತ್ತು. ಗಾಬರಿಯಲ್ಲಿ ಬಸ್ಸಿನಲ್ಲಿ ಮತ್ತೊಂದು ಹಾಕಿಕೊಂಡು ಬಂದಿದ್ದರು! ಸುಣ್ಣದ ಜೊತೆ ಸೇರಿದರೆ ಅಡಿಕೆಯ ಒಗರು ಕೆಂಪಾಗುತ್ತದೆ, ಅದು ನಾಲಿಗೆಯ ಬುಡದವರೆಗೂ ಹಿಡಿದಿರುತ್ತದೆ.

ಎರಡು ದಿನ ಎಲೆ-ಅಡಿಕೆ ಪೂರ್ತಿ ಬಿಡಿ. ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಆಮೇಲೆ ಕೆಮ್ಮಿ ನೋಡಿ. ಕೆಂಪು ಹೋದರೆ ನಿಮ್ಮ ಶ್ವಾಸಕೋಶದ ಚಿಂತೆ ಹೋಯಿತು. ಬಾಯಿಯ ಚಿಂತೆ ಉಳಿಯುತ್ತದೆ. ಕೆನ್ನೆಯ ಒಳಗೆ ಬಿಳಿ ಮಚ್ಚೆ, ಮಾಯದ ಹುಣ್ಣು, ಬಾಯಿ ಅಗಲಿಸಲಾಗದ ಬಿಗಿತ ಇದ್ದರೆ ದಂತವೈದ್ಯರಿಗೆ ತೋರಿಸಿ.

ಎರಡು ದಿನದ ಮೇಲೂ ಕೆಂಪು ಇದ್ದರೆ ಅದು ರಕ್ತ. ಆಗ ಎಲ್ಲಿಯ ರಕ್ತ ಎಂಬ ಪ್ರಶ್ನೆ. ಶ್ವಾಸಕೋಶದ್ದು ಕೆಮ್ಮಿನೊಂದಿಗೆ ಬರುತ್ತದೆ, ಹೊಸದಾಗಿ ಕೆಂಪಗಿರುತ್ತದೆ, ಗುಳ್ಳೆಗಳು ಬೆರೆತಿರುತ್ತವೆ. ಹೊಟ್ಟೆಯದು ವಾಂತಿಯಾಗಿ, ಹೆಚ್ಚಾಗಿ ಕಾಫಿ ಚರಟದಂತೆ ಕಪ್ಪಗೆ, ಊಟದ ಅಗುಳಿನೊಂದಿಗೆ ಬರುತ್ತದೆ. ಒಸಡಿನದು ಹಲ್ಲುಜ್ಜುವಾಗ ಬರುತ್ತದೆ. ಜೋರಾಗಿ ಕೆಮ್ಮಿದಾಗ ಒಂದು ಎಳೆ ರಕ್ತ ಕಾಣುವುದು ಬರಿಯ ಶ್ವಾಸನಾಳದ ಉರಿಯೂತದಿಂದಲೂ ಆದೀತು. ಆದರೆ ನಿಮ್ಮ ವಯಸ್ಸಿಗೆ ಅದನ್ನು ಅಂದಾಜಿನ ಮೇಲೆ ಬಿಡಬಾರದು. ಎದೆಯ ಎಕ್ಸ್-ರೇ ಮತ್ತು ಕಫ ಪರೀಕ್ಷೆ ಎರಡೂ ಆಗಬೇಕು. ಒಂದೆರಡು ಚಮಚಕ್ಕಿಂತ ಹೆಚ್ಚು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅದಕ್ಕೆಲ್ಲ ಬೆಂಗಳೂರು ಬೇಕಿಲ್ಲ, ದಾವಣಗೆರೆ ಸಾಕು.

ಪ್ರಶ್ನೆ: ಕಾರ್ತಿಕದಲ್ಲಿ ಮೆಕ್ಕೆಜೋಳದ ಒಕ್ಕಣೆ ಶುರುವಾದರೆ ನನಗೆ ಕೆಮ್ಮು, ರಾತ್ರಿ ಎದೆಯಲ್ಲಿ ಸೀಟಿ ಊದಿದಂತೆ ಸದ್ದು. ಕಫ ಅಂಟಂಟು, ಹಳದಿ. ಪ್ರತಿ ವರ್ಷವೂ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಈ ಸಲ ಒಬ್ಬ ವೈದ್ಯರು ಇನ್‌ಹೇಲರ್ ಬರೆದುಕೊಟ್ಟರು. ಅಮ್ಮ ‘ಅದನ್ನು ಹಿಡಿದರೆ ಬಿಡಲಾಗುವುದಿಲ್ಲ, ಗಂಡಿನ ಕಡೆಯವರು ನೋಡಿದರೆ ಏನೆಂದಾರು’ ಎನ್ನುತ್ತಾರೆ.
– ಪದವಿ ವಿದ್ಯಾರ್ಥಿನಿ, ಜಗಳೂರು ತಾಲ್ಲೂಕು

ಉತ್ತರ: ನಿನಗೆ ಇನ್‌ಹೇಲರ್ ಬರೆದುಕೊಟ್ಟ ವೈದ್ಯರು ಸರಿಯಾಗಿ ನೋಡಿದ್ದಾರೆ, ತಂಗಿ. ಪ್ರತಿ ವರ್ಷ ಒಂದೇ ಕಾಲಕ್ಕೆ, ದೂಳೆದ್ದಾಗ, ರಾತ್ರಿ ಹೆಚ್ಚಾಗಿ, ಸೀಟಿಯ ಸದ್ದಿನೊಂದಿಗೆ ಬರುವುದು ಆಸ್ತಮಾದ ನಡೆ. ಅದರಲ್ಲೂ ಹಳದಿ ಕಫ ಬರಬಹುದು, ಕೀವಿಲ್ಲದೆಯೇ. ಅಲರ್ಜಿಯಲ್ಲಿ ಸೇರುವ ಬಿಳಿಯ ಕಣ ಇಯೊಸಿನೊಫಿಲ್ ಎಂಬ ಬೇರೆ ಜಾತಿಯದು. ಕಫಕ್ಕೆ ಹಳದಿ ಬಣ್ಣ ಕೊಡುವುದು ಅದಕ್ಕೂ ಗೊತ್ತು. ಆ್ಯಂಟಿಬಯಾಟಿಕ್ ಅದನ್ನು ಏನೂ ಮಾಡಲಾರದು.

ಒಂದು ಗಾಜಿನ ಲೋಟದ ನೀರಿಗೆ ಆ ಕಫವನ್ನು ಹಾಕಿ ಕಿಟಕಿಯ ಬೆಳಕಿಗೆ ಹಿಡಿದರೆ ಕೆಲವು ಸಲ ಶಾವಿಗೆಯ ತುಂಡಿನಂಥ ಸುರುಳಿ ಎಳೆಗಳು ಬಿಚ್ಚಿಕೊಳ್ಳುತ್ತವೆ. ಅವು ಸಣ್ಣ ಶ್ವಾಸನಾಳಗಳ ಒಳಗೆ ಗಟ್ಟಿಯಾದ ಲೋಳೆಯ ಅಚ್ಚುಗಳು. ಎದೆಯಲ್ಲಿ ಸೀಟಿ ಊದುವುದು ಏಕೆಂದು ಅದನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಾಗದು.

ಇನ್‌ಹೇಲರ್ ಚಟವಲ್ಲ. ಅಮ್ಮ ಕನ್ನಡಕ ಹಾಕುತ್ತಾರೆಯೇ? ಅದನ್ನು ಹಿಡಿದು ಬಿಡಲಾಗದೆ ಹೋದರೆಂದು ಯಾರಾದರೂ ಆಡಿಕೊಂಡರೇ? ಒಕ್ಕಣೆಯ ದಿನ ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿಕೋ, ಇನ್‌ಹೇಲರನ್ನು ಹೇಳಿಕೊಟ್ಟ ಕ್ರಮದಲ್ಲಿ ತೆಗೆದುಕೋ, ಆಮೇಲೆ ಬಾಯಿ ಮುಕ್ಕಳಿಸು. ಗಂಡಿನ ಕಡೆಯವರ ಬಗ್ಗೆ ನನ್ನ ಅಭಿಪ್ರಾಯವನ್ನು ಸಂಪಾದಕರು ಅಚ್ಚು ಮಾಡಲಾರರು.

ಪ್ರಶ್ನೆ: ನಮ್ಮ ತಂದೆ ಇಪ್ಪತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿದವರು. ಬೀಡಿ ಇಲ್ಲ. ಕಫ ಮೊದಲಿನಿಂದಲೂ ಕಪ್ಪು. ಈಗ ಐದು ವಾರದಿಂದ ಕೆಮ್ಮು ಹೆಚ್ಚಾಗಿದೆ, ಸೊರಗಿದ್ದಾರೆ. ‘ಭಟ್ಟಿಯ ಹೊಗೆ, ಇನ್ನೇನು’ ಎನ್ನುತ್ತಾರೆ.
– ಮಗಳು, ದಾವಣಗೆರೆ

ಉತ್ತರ: ದಾವಣಗೆರೆಯಲ್ಲಿ ಮಂಡಕ್ಕಿ-ಮೆಣಸಿನಕಾಯಿ ತಿಂದು ಬೆಳೆದವರಿಗೂ ಭಟ್ಟಿಯ ಒಳಗೆ ಕಾಲಿಟ್ಟು ಗೊತ್ತಿರುವುದಿಲ್ಲ. ಕಾದ ಮರಳಿನ ಝಳ, ಒಲೆಗೆ ಹಾಕಿದ ಹೊಟ್ಟಿನ ಹೊಗೆ, ತಗ್ಗಾದ ಮಾಡು. ಆ ಮಸಿಯನ್ನು ಶ್ವಾಸಕೋಶದ ಒಳಗೆ ಕಸ ಗುಡಿಸುವ ಕಣಗಳು ನುಂಗಿ ಕಫದೊಂದಿಗೆ ಹೊರಗೆ ಸಾಗಿಸುತ್ತವೆ. ಕಪ್ಪು ಕಫದ ಅರ್ಥ ಅಷ್ಟೇ. ಬೀಡಿ ಮುಟ್ಟದಿದ್ದರೂ ಇಂಥ ಹೊಗೆಯಿಂದಲೇ ಸಿಒಪಿಡಿ ಬರುತ್ತದೆ. ಸೌದೆ ಒಲೆಯ ಮುಂದೆ ಕೂತ ಹೆಂಗಸರಿಗೆ ಬರುವುದೂ ಹೀಗೆಯೇ.

ಆದರೆ ಐದು ವಾರ, ಸೊರಗಿದ್ದಾರೆ ಎಂಬ ಎರಡು ಮಾತು ನನ್ನನ್ನು ಹಿಡಿದು ನಿಲ್ಲಿಸಿದವು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನೇ ಒಮ್ಮೆ ತಪ್ಪಿದ್ದೇನೆ.

1990ರ ದಶಕದ ನಡುಭಾಗ, ನಾನು ಕ್ಲಿನಿಕ್ ತೆರೆದ ಹೊಸದು. ಭಟ್ಟಿಯ ಕೆಲಸಗಾರರೊಬ್ಬರು ಬಂದರು, ಮೂವತ್ತೈದರ ಆಸುಪಾಸು. ಒಂದು ತಿಂಗಳ ಕೆಮ್ಮು. ಕಫ ಹಸಿರು, ಅದರಲ್ಲಿ ಮಸಿಯ ಗೆರೆ. ಹಸಿರು ಕಂಡು ಸೋಂಕು ಎಂದುಕೊಂಡೆ, ಕಪ್ಪು ಕಂಡು ಹೊಗೆ ಎಂದುಕೊಂಡೆ. ಎರಡೂ ಬಣ್ಣಕ್ಕೆ ನನ್ನಲ್ಲಿ ಉತ್ತರ ಇದ್ದದ್ದರಿಂದ ಮೂರನೆಯ ಪ್ರಶ್ನೆ ಕೇಳಲಿಲ್ಲ. ಆಗ ಎಲ್ಲರ ಬಾಯಲ್ಲೂ ಇದ್ದ ಸಿಪ್ರೊಫ್ಲಾಕ್ಸಾಸಿನ್ ಬರೆದುಕೊಟ್ಟೆ. ವಾರದ ಮೇಲೆ ನಗುನಗುತ್ತ ಬಂದರು, ಒಂದು ಚೀಲ ಬಿಸಿ ಮಂಡಕ್ಕಿ ತಂದುಕೊಟ್ಟರು. ನಾನೂ ಹಿಗ್ಗಿ ತಿಂದೆ. ಎರಡು ತಿಂಗಳ ಮೇಲೆ ಮತ್ತೆ ಬಂದಾಗ ಹೆಗಲ ಟವೆಲ್ಲಿನ ತುದಿಯಲ್ಲಿ ರಕ್ತವಿತ್ತು. ಕ್ಷಯ. ಆ ಜಾತಿಯ ಆ್ಯಂಟಿಬಯಾಟಿಕ್ ಕ್ಷಯದ ರೋಗಾಣುವನ್ನೂ ಒಂದಿಷ್ಟು ತಗ್ಗಿಸುತ್ತದೆ, ಕೊಲ್ಲುವುದಿಲ್ಲ, ಮರೆಮಾಡುತ್ತದೆ. ಆ ಎರಡು ತಿಂಗಳಲ್ಲಿ ಅದೇ ಕೋಣೆಯಲ್ಲಿ ಮಲಗುತ್ತಿದ್ದ ಅವರ ಹೆಂಡತಿಗೂ ಅಂಟಿತ್ತು. ಇಬ್ಬರೂ ತಿಂಗಳುಗಟ್ಟಲೆ ಗುಳಿಗೆ ನುಂಗಿ ಗುಣವಾದರು. ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಆಮೇಲೂ ಮಂಡಕ್ಕಿ ತರುತ್ತಿದ್ದರು. ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕ್ಷಯದ ಕಫಕ್ಕೆ ಅದರದೇ ಆದ ಬಣ್ಣವಿಲ್ಲ. ಬಿಳಿ, ಹಳದಿ, ಹಸಿರು ಯಾವುದೂ ಆದೀತು. ಕಫ ಬಾರದೆಯೂ ಇದ್ದೀತು. ಅಲ್ಲಿ ಎಣಿಸಬೇಕಾದದ್ದು ದಿನ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಬೇಕು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು ಇದ್ದರಂತೂ ತಡ ಸಲ್ಲದು. ನಾಳೆಯೇ ತಂದೆಯವರನ್ನು ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೋ ಕರೆದುಕೊಂಡು ಹೋಗಿ. ಪರೀಕ್ಷೆ ಉಚಿತ. ಈಗಿನ ಸಿಬಿನ್ಯಾಟ್, ಟ್ರೂನ್ಯಾಟ್ ಯಂತ್ರಗಳು ಕೆಲವೇ ಗಂಟೆಗಳಲ್ಲಿ ರೋಗ ಇದೆಯೋ ಇಲ್ಲವೋ ಎಂಬುದರ ಜೊತೆಗೆ ಮುಖ್ಯ ಔಷಧಿ ರಿಫಾಂಪಿಸಿನ್ ಕೆಲಸ ಮಾಡುತ್ತದೆಯೇ ಎಂಬುದನ್ನೂ ಹೇಳುತ್ತವೆ. ಕ್ಷಯವೇ ಆಗಿದ್ದರೆ ಔಷಧಿಯೂ ಉಚಿತ, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ 1,000ಕ್ಕೆ ಏರಿಸಿದ್ದಾರೆ. ಕ್ಷಯವಲ್ಲದಿದ್ದರೆ ಎಕ್ಸ್-ರೇ, ಊದುವ ಪರೀಕ್ಷೆ ಮಾಡಿಸಿ ಮುಂದಿನದನ್ನು ನೋಡೋಣ.

ಪ್ರಶ್ನೆ: ಮಗುವಿಗೆ ನಾಲ್ಕು ವರ್ಷ. ಕಫವನ್ನು ಉಗುಳದೆ ನುಂಗುತ್ತದೆ. ಹೊಟ್ಟೆ ಕೆಡುವುದಿಲ್ಲವೇ? ಹಾಲು ಕೊಟ್ಟರೆ ಕಫ ಹೆಚ್ಚುತ್ತದೆಯೇ?
– ತಾಯಿ, ಹರಿಹರ

ಉತ್ತರ: ಕೆಡುವುದಿಲ್ಲ. ನಾವೆಲ್ಲರೂ ದಿನವಿಡೀ ಶ್ವಾಸನಾಳದ ಲೋಳೆಯನ್ನು ಅರಿವಿಲ್ಲದೆ ನುಂಗುತ್ತಲೇ ಇರುತ್ತೇವೆ, ಜಠರದ ಆಮ್ಲ ಅದನ್ನು ನೋಡಿಕೊಳ್ಳುತ್ತದೆ. ಹಾಲು ಕಫವನ್ನು ಹುಟ್ಟಿಸುವುದಿಲ್ಲ. ಬಾಯಿಯಲ್ಲಿ ಜೊಲ್ಲಿನೊಂದಿಗೆ ಸೇರಿ ದಪ್ಪ ಎನಿಸುತ್ತದೆ, ಅಷ್ಟೇ. ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಕೊಡಬಹುದು, ವರ್ಷ ತುಂಬದ ಕೂಸಿಗೆ ಮಾತ್ರ ಬೇಡವೇ ಬೇಡ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಆವಿ ಹಿಡಿಸಬೇಡಿ. ನೆಗಡಿಗೆ ಬಂದ ಮಕ್ಕಳಿಗಿಂತ ಆ ನೀರು ಚೆಲ್ಲಿ ಸುಟ್ಟುಕೊಂಡು ಬಂದ ಮಕ್ಕಳು ನನಗೆ ಹೆಚ್ಚು ನೆನಪಿದ್ದಾರೆ.

ಪ್ರಶ್ನೆ: ತಾಯಿಗೆ 70, ಬಿಪಿ ಇದೆ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಸಮಾಧಾನ. ನಿನ್ನೆ ನಸುಗೆಂಪು ನೊರೆಯಂಥ ಕಫ ಬಂತು. ಕೆಮ್ಮಿನ ಸಿರಪ್ ಯಾವುದು ಒಳ್ಳೆಯದು?
– ಹಿರಿಯೂರು

ಉತ್ತರ: ಈ ಪತ್ರ ಕೈಗೆ ಬಂದ ಕೂಡಲೇ ಅದರಲ್ಲಿದ್ದ ಫೋನ್ ನಂಬರಿಗೆ ಮಾತನಾಡಿದ್ದೇನೆ, ಇದನ್ನು ಬೇರೆಯವರಿಗಾಗಿ ಅಚ್ಚು ಮಾಡಿಸುತ್ತಿದ್ದೇನೆ. ಇದು ಕೆಮ್ಮಲ್ಲ, ಹೃದಯ. ಎಡಭಾಗದ ಹೃದಯ ಸೋತಾಗ ರಕ್ತ ಹಿಂದಕ್ಕೆ ಒತ್ತಿ, ಶ್ವಾಸಕೋಶದ ಗಾಳಿಚೀಲಗಳಿಗೆ ನೀರು ಒಸರುತ್ತದೆ. ನಸುಗೆಂಪು ನೊರೆ ಕಂಡರೆ ರೋಗಿಯನ್ನು ಮಲಗಿಸಬೇಡಿ. ಕಾಲು ಇಳಿಬಿಟ್ಟು ಕೂರಿಸಿ, 108ಕ್ಕೆ ಫೋನ್ ಮಾಡಿ. ಪತ್ರ ಬರೆಯಬೇಡಿ.

ಪ್ರಶ್ನೆ: ನನಗೆ ಕ್ಷಯದ ಗುಳಿಗೆ ಶುರುವಾಗಿ ಎರಡು ತಿಂಗಳಾಗುತ್ತ ಬಂತು. ಮೂತ್ರ ಕಿತ್ತಳೆ ಬಣ್ಣ, ಉಗುಳೂ ಹಾಗೇ ಕಾಣುತ್ತದೆ. ಗುಳಿಗೆ ಮೈಗೆ ಒಗ್ಗುತ್ತಿಲ್ಲವೇನೋ ಎಂದು ಬಿಡುವ ಯೋಚನೆ. ಮತ್ತೆ ಕಫ ಪರೀಕ್ಷೆಗೆ ಕೊಟ್ಟಾಗ ‘ಇದು ಬರೀ ಉಗುಳು’ ಎಂದು ವಾಪಸ್ ಕಳಿಸಿದರು. ಕಫವೇ ಬರುತ್ತಿಲ್ಲ.
– ಎಣ್ಣೆ ಗಿರಣಿ ನೌಕರ, ಚಳ್ಳಕೆರೆ

ಉತ್ತರ: ಬಿಡಬೇಡಿ. ಆ ಬಣ್ಣ ರಿಫಾಂಪಿಸಿನ್ ಗುಳಿಗೆಯದು. ಮೂತ್ರ, ಬೆವರು, ಕಣ್ಣೀರು, ಕಫ ಎಲ್ಲಕ್ಕೂ ಹತ್ತುತ್ತದೆ. ಬನಿಯನ್ನಿನ ಕಂಕುಳಲ್ಲೂ ಕಲೆ ಕಂಡೀತು. ಕೆಡುಕಿಲ್ಲ. ಗುಳಿಗೆ ಮೈಗೆ ಸೇರಿದೆ ಎಂದು ನಿಮಗೇ ತಿಳಿಯುತ್ತದೆ, ನಮಗೂ ತಿಳಿಯುತ್ತದೆ. ಕಣ್ಣೇ ಹಳದಿಯಾದರೆ, ಊಟ ಸೇರದೆ ವಾಂತಿಯಾದರೆ ಅದು ಬೇರೆ, ಆಗ ತಕ್ಷಣ ತೋರಿಸಿ.

ಕಫ ಬರುತ್ತಿಲ್ಲ ಎಂದರೆ ನೀವು ಗುಣವಾಗುತ್ತಿದ್ದೀರಿ ಎಂದೂ ಇರಬಹುದು, ಆದರೂ ಎರಡನೆಯ ತಿಂಗಳ ಕೊನೆಯ ಪರೀಕ್ಷೆ ಬೇಕು. ಹಿಂದಿನ ಸಂಜೆ ಚೆನ್ನಾಗಿ ನೀರು ಕುಡಿಯಿರಿ. ಬೆಳಿಗ್ಗೆ ಎದ್ದವರೇ, ಚಹಾಕ್ಕೂ ಮೊದಲು, ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿ ತಾರಸಿಗೋ ಹಿತ್ತಲಿಗೋ ಹೋಗಿ. ಮನೆಯೊಳಗೆ, ಜನರ ನಡುವೆ ಬೇಡ. ಎರಡು ಸಲ ಮೂಗಿನಿಂದ ಆಳವಾಗಿ ಉಸಿರೆಳೆದು ಬಿಡಿ. ಮೂರನೆಯ ಸಲ ಎಳೆದು, ಹಿಡಿದು, ಗಂಟಲಿನಿಂದಲ್ಲ, ಹೊಟ್ಟೆ ಒತ್ತಿ ಎದೆಯ ತಳದಿಂದ ಕೆಮ್ಮಿ. ಡಬ್ಬಿಯನ್ನು ತುಟಿಗೆ ಹತ್ತಿರ ಹಿಡಿದಿರಿ. ಅರ್ಧ ಚಮಚದಷ್ಟು ಸಾಕು. ಡಬ್ಬಿಯನ್ನು ಓರೆ ಮಾಡಿ ನೋಡಿ: ಉಗುಳಾದರೆ ನೀರಿನಂತೆ ಓಡುತ್ತದೆ, ಕಫವಾದರೆ ಗೋಡೆಗೆ ಅಂಟಿಕೊಂಡು ನಿಧಾನವಾಗಿ ಜಾರುತ್ತದೆ. ಮುಚ್ಚಳ ಬಿಗಿ ಮಾಡಿ ಅದೇ ದಿನ ತಲುಪಿಸಿ. ಏನು ಮಾಡಿದರೂ ಬಾರದಿದ್ದರೆ ಆಸ್ಪತ್ರೆಯಲ್ಲಿ ಉಪ್ಪುನೀರಿನ ನೆಬ್ಯುಲೈಸರ್ ಕೊಟ್ಟು ಕೆಮ್ಮಿಸುತ್ತಾರೆ. ಮತ್ತೆ ವಾಪಸ್ ಕಳಿಸಿದರೆ ನಾಚಿಕೊಂಡು ಮನೆಗೆ ಬರಬೇಡಿ, ಅಲ್ಲೇ ನಿಂತು ಇನ್ನೊಂದು ಡಬ್ಬಿ ಕೇಳಿ.